ಹಡಗನ್ನು ನಡೆಸಿದವರು ಯಾರು?

(ಶಾಗ್ಯದಲ್ಲಿ ಸೇರಿದ್ದ ನೇಕಾರರ, ಗಿರಣಿ ಕೆಲಸಗಾರರ ಮತ್ತು ಚಿಲ್ಲರೆ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ. ಸಭೆಗೆ ಬರಲಾಗದ ಸಂಗಾತಿಗಳ ಅಪೇಕ್ಷೆಯಂತೆ ಇಲ್ಲಿ ಅಚ್ಚು ಮಾಡಿದೆ.)



ಈ ದಿನ ನಾನು ಮಾತನಾಡಲು ಆರಿಸಿಕೊಂಡಿರುವ ವಿಷಯ ಹಡಗು. ಬೆಳಗ್ಗೆ ಬಸ್ಸಿನಿಂದ ಇಳಿದು ಬರುತ್ತಿರುವಾಗ ಹಿರಿಯರೊಬ್ಬರು ನನ್ನನ್ನು ತಡೆದು ಕೇಳಿದರು: "ಮೇಷ್ಟ್ರೇ, ನಮ್ಮ ಊರಿಗೆ ಸಮುದ್ರ ಎಲ್ಲಿ, ಹಡಗು ಎಲ್ಲಿ? ರೇಷ್ಮೆಗೂಡಿನ ಧಾರಣೆ ಮಾತಾಡಿ, ಮಗ್ಗದ ಕೂಲಿ ಮಾತಾಡಿ, ಅದು ಬಿಟ್ಟು ಹಡಗು ಕಟ್ಟಿಕೊಂಡು ನಮಗೇನು?" ಅವರ ಪ್ರಶ್ನೆ ನ್ಯಾಯವಾದದ್ದು. ನೀರಿನ ಮೇಲೆ ಹೋಗುವ ವಾಹನವೆಂದರೆ ನಮ್ಮ ಕಡೆಯವರಿಗೆ ಗೊತ್ತಿರುವುದು ಹೊಗೇನಕಲ್ಲಿನ ಹರಿಗೋಲು ಮಾತ್ರ. ಹಿರಿಯರಿಗೆ ನಾನು ಹೇಳಿದ ಉತ್ತರ ಇಷ್ಟೇ: "ಯಜಮಾನರೇ, ಸಭೆ ಮುಗಿಯುವ ತನಕ ಕೂತಿರಿ. ಗೂಡಿನ ಧಾರಣೆಯ ಮಾತು ಬಂದೇ ಬರುತ್ತದೆ. ಅದು ಬರುವುದೇ ಹಡಗಿನಲ್ಲಿ." ಅವರು ಮುಂದಿನ ಸಾಲಿನಲ್ಲಿಯೇ ಕೂತಿದ್ದಾರೆ. ಆದ್ದರಿಂದ ನಾನು ಮಾತು ತಪ್ಪುವಂತಿಲ್ಲ.

ದಡದ ಮೇಲಿನ ಹಡಗು

ಪಕ್ಷದ ಕೆಲಸದ ಮೇಲೆ ಕಾರವಾರಕ್ಕೆ ಹೋಗಿದ್ದೆ. ಇಲ್ಲಿಂದ ಐನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಸಭೆ ಮುಗಿದ ಮಾರನೆಯ ದಿನ ಬೆಳಗ್ಗೆ ಬಿಡುವಿತ್ತು. ಅಲ್ಲಿನ ಸಂಗಾತಿಯೊಬ್ಬರು ನನ್ನನ್ನು ಸಮುದ್ರ ದಂಡೆಗೆ ಕರೆದುಕೊಂಡು ಹೋದರು. ಆ ದಂಡೆಗೆ ರವೀಂದ್ರನಾಥ ಠಾಗೂರರ ಹೆಸರು. ಠಾಗೂರರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1880ರ ದಶಕದಲ್ಲಿ, ತರುಣ ರವೀಂದ್ರರು ಅಲ್ಲಿಗೆ ಬಂದು ಕೆಲವು ಕಾಲ ಉಳಿದಿದ್ದರು. ಅದೇ ದಂಡೆಯ ಮೇಲೆ, ನೀರಿನಿಂದ ಎತ್ತಿ ತಂದು ನಿಲ್ಲಿಸಿದ ಒಂದು ಯುದ್ಧನೌಕೆ ಇದೆ. ಅದರ ಹೆಸರು 'ಚಪಲ್'. 2006ರಿಂದ ಅದು ವಸ್ತುಸಂಗ್ರಹಾಲಯ. ಟಿಕೇಟು ಕೊಂಡು ಯಾರು ಬೇಕಾದರೂ ಹತ್ತಿ ನೋಡಬಹುದು. ಸೇವೆಯಿಂದ ನಿವೃತ್ತವಾದ ನೌಕಾದಳದ ದೊಡ್ಡದೊಂದು ಟುಪೊಲೆವ್ ವಿಮಾನವನ್ನೂ ಈಚೆಗೆ ಅದರ ಬಳಿಯಲ್ಲಿಯೇ ತಂದು ನಿಲ್ಲಿಸಿದ್ದಾರೆ.

ಹಡಗಿನ ಉದ್ದ 38.6 ಮೀಟರು, ಎಂದರೆ ನಮ್ಮ ಅಳತೆಯಲ್ಲಿ ಸುಮಾರು 126 ಅಡಿ. ತೂಕ 245 ಟನ್ನು. ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ್ದು. ಎರಡು ಪಕ್ಕದಲ್ಲಿ ಎರಡೆರಡರಂತೆ ನಾಲ್ಕು ಕ್ಷಿಪಣಿಗಳನ್ನಿಡುವ ದೊಡ್ಡ ಪೆಟ್ಟಿಗೆಗಳು, ಮುಂದೊಂದು ಹಿಂದೊಂದು ಜೋಡಿ ನಳಿಗೆಯ ತೋಪು. ಒಳಗೆ ಇಳಿದರೆ ಮೂರು ಡೀಸೆಲ್ ಯಂತ್ರಗಳು, ನಾವಿಕರ ಮಲಗುವ ತಾವು, ಅಡಿಗೆಯ ತಾವು. ಸುಮಾರು ಮೂವತ್ತು ಜನರು ಈ ಕಬ್ಬಿಣದ ಡಬ್ಬಿಯಲ್ಲಿ ಸಂಸಾರ ಮಾಡಬೇಕು. ಕಪ್ತಾನ, ವೈದ್ಯ, ನಾವಿಕ ಹೀಗೆ ಬೊಂಬೆಗಳನ್ನು ಮಾಡಿ ಅವರವರ ಜಾಗದಲ್ಲಿ ನಿಲ್ಲಿಸಿದ್ದಾರೆ. ಮಕ್ಕಳಿಗೆ ಅದನ್ನು ನೋಡಿ ಬಹಳ ಸಂತೋಷ.

ನಾನು ಯಂತ್ರದ ಮನೆಯ ಬಳಿ ಬಹಳ ಹೊತ್ತು ನಿಂತೆ. ಗಿರಣಿಯಲ್ಲಿ ದುಡಿದವರಿಗೆ ಅದರ ಅರ್ಥ ನಾನು ಹೇಳಬೇಕಾಗಿಲ್ಲ. ತಲೆಯೆತ್ತಿ ನಿಂತರೆ ಕೊಳವೆಗೆ ತಾಗುತ್ತದೆ, ಪಕ್ಕಕ್ಕೆ ಸರಿದರೆ ಯಂತ್ರಕ್ಕೆ ತಾಗುತ್ತದೆ. ಎಣ್ಣೆಯ ಹೊಗೆ, ಕಿವುಡಾಗಿಸುವ ಸದ್ದು, ಬೇಸಿಗೆಯ ಸೆಕೆ, ಕಾಲ ಕೆಳಗೆ ತೂಗಾಡುವ ನೆಲ. ನಮ್ಮ ಗಿರಣಿಯವನಿಗೆ ಪಾಳಿ ಮುಗಿದರೆ ಮನೆ ಉಂಟು. ಅವನಿಗೆ ಪಾಳಿ ಮುಗಿದರೂ ಅದೇ ಡಬ್ಬಿ.

ಅಷ್ಟು ಹೊತ್ತಿಗೆ ಅಲ್ಲಿ ಒಬ್ಬ ತಂದೆ ತನ್ನ ಮಗನಿಗೆ ಹೇಳುತ್ತಿದ್ದರು: "ನೋಡು, 1971ರಲ್ಲಿ ಕರಾಚಿಗೆ ಬೆಂಕಿಯಿಟ್ಟ ಹಡಗು ಇದೇ." ಈ ಮಾತನ್ನು ಆ ಊರಿನಲ್ಲಿ ಬಹಳ ಜನ ಹೇಳುತ್ತಾರೆ. ಪಾಠ ಹೇಳಿದವನ ಕೆಟ್ಟ ಚಾಳಿ ನನ್ನನ್ನು ಇನ್ನೂ ಬಿಟ್ಟಿಲ್ಲ. ಲೆಕ್ಕ ಹಾಕಿ ನೋಡಿದೆ. 'ಚಪಲ್' ನಮ್ಮ ನೌಕಾದಳಕ್ಕೆ ಸೇರಿದ್ದು 1976ರ ನವೆಂಬರಿನಲ್ಲಿ. ನಿವೃತ್ತವಾದದ್ದು 2005ರಲ್ಲಿ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಗೆ ಹೋದ ಕ್ಷಿಪಣಿ ದೋಣಿಗಳ ಹೆಸರು ನಿರ್ಘಾತ್, ನಿಪಾತ್, ವೀರ್. ಡಿಸೆಂಬರ್ 8ರ ರಾತ್ರಿ ಹೋದದ್ದು ವಿನಾಶ್. ಅವು ಇದೇ ಜಾತಿಯ ಹಳೆಯ ದೋಣಿಗಳು. ಇದು ಅವುಗಳ ತಂಗಿ. ಆ ದೋಣಿಗಳು ಬಹಳ ದೂರ ಹೋಗಲಾರವಾದ್ದರಿಂದ ದೊಡ್ಡ ಹಡಗುಗಳು ಹಗ್ಗ ಕಟ್ಟಿ ಎಳೆದುಕೊಂಡು ಹೋಗಿದ್ದವೆಂಬುದೂ ನಿಜ. ಅದೇ ಯುದ್ಧದಲ್ಲಿ ಡಿಸೆಂಬರ್ 9ರಂದು ನಮ್ಮ 'ಖುಕ್ರಿ' ಮುಳುಗಿ 18 ಅಧಿಕಾರಿಗಳೂ 176 ನಾವಿಕರೂ ನೀರುಪಾಲಾದರು.

ನಾನು ಇದನ್ನು ಹೇಳುವುದು ಆ ತಂದೆಯನ್ನು ಹಳಿಯುವುದಕ್ಕಲ್ಲ. ಗೆಲುವಿನ ಕಥೆಗೆ ಎಲ್ಲರೂ ವಾರಸುದಾರರಾಗಬಯಸುತ್ತಾರೆ; ಅದು ಮನುಷ್ಯ ಸಹಜ. ಆದರೆ ನನ್ನ ಮನಸ್ಸಿಗೆ ಹೊಳೆದದ್ದು ಬೇರೆ. ಆ ಹುಡುಗ ತಂದೆಯನ್ನು ಕೇಳಿದ: "ಅಪ್ಪಾ, ಇದನ್ನು ಓಡಿಸಿದವರು ಯಾರು?" ತಂದೆ ಕಪ್ತಾನನ ಬೊಂಬೆಯ ಕಡೆಗೆ ಕೈ ತೋರಿಸಿದರು. ಯಂತ್ರದ ಮನೆಯ ಕಡೆಗೆ ತೋರಿಸಲಿಲ್ಲ. ಈ ಭಾಷಣವೆಲ್ಲ ಆ ಹುಡುಗನ ಪ್ರಶ್ನೆಗೆ ಉತ್ತರ.

ಬಟ್ಟೆ ನೇಯ್ದವರು

ಕಾರವಾರದ ಕಡಲ ಚರಿತ್ರೆ ಈ ಉಕ್ಕಿನ ದೋಣಿಯಿಂದ ಆರಂಭವಾಗುವುದಿಲ್ಲ. ದಂಡೆಯಿಂದ ದಕ್ಷಿಣಕ್ಕೆ ಹೋದರೆ ಅಂಜುದೀವ್ ಎಂಬ ದ್ವೀಪ. 1498ರಲ್ಲಿ ವಾಸ್ಕೋ ಡ ಗಾಮ ಊರಿಗೆ ಹಿಂತಿರುಗುವಾಗ ಅಲ್ಲಿ ತಂಗಿದ್ದ. 1505ರಲ್ಲಿ ಪೋರ್ತುಗೀಸರು ಅಲ್ಲಿ ಕೋಟೆ ಕಟ್ಟಲು ಹೊರಟರು. ಆಮೇಲೆ ಅವರು ಮಾಡಿದ ಕೆಲಸವೇನು ಗೊತ್ತೇ? ಈ ಸಮುದ್ರದಲ್ಲಿ ತಲೆತಲಾಂತರದಿಂದ ಹಡಗು ನಡೆಸುತ್ತಿದ್ದ ನಮ್ಮ ವರ್ತಕರಿಗೆ, "ನಮ್ಮ ರಹದಾರಿ ಚೀಟಿ ಇಲ್ಲದೆ ಹೊರಟರೆ ಹಡಗು ಜಪ್ತು" ಎಂದರು. ಕಾಸು ಕೊಟ್ಟು ಚೀಟಿ ಪಡೆದು ತನ್ನದೇ ಸಮುದ್ರದಲ್ಲಿ ಹೋಗಬೇಕಾದ ಕಾಲ ಬಂತು. ಸಂತೆಯಲ್ಲಿ ನೆಲಬಾಡಿಗೆ ಕೊಟ್ಟು ಕೂರುವ ನಮ್ಮ ಚಿಲ್ಲರೆ ವ್ಯಾಪಾರಿಗಳಿಗೆ ಇದು ಬೇಗ ಅರ್ಥವಾಗುತ್ತದೆ. ಉಳ್ಳಾಲದ ರಾಣಿ ಅಬ್ಬಕ್ಕ ಅವರೊಂದಿಗೆ ಕಾದಾಡಿದ್ದು ಈ ದಬ್ಬಾಳಿಕೆಯನ್ನು ಒಪ್ಪದೆ.

1638ರಲ್ಲಿ ಇಂಗ್ಲಿಷರು ಕಾರವಾರಕ್ಕೆ ಬಂದು ಕೋಠಿ ಹಾಕಿದರು. ಅಲ್ಲಿಂದ ಸಾಗಿಸುತ್ತಿದ್ದುದು ಮೆಣಸು, ಏಲಕ್ಕಿ ಮತ್ತು ಬಟ್ಟೆ. 1660ರ ಹೊತ್ತಿಗೆ ಪಶ್ಚಿಮ ಭಾರತದ ಅತ್ಯಂತ ನಯವಾದ ಮಸ್ಲಿನ್ ಬಟ್ಟೆ ಕಾರವಾರದಿಂದ ಹಡಗು ಹತ್ತುತ್ತಿತ್ತೆಂದು ಹಳೆಯ ಗೆಜೆಟಿಯರು ಬರೆದಿದೆ. ಆದರೆ ಸಂಗಾತಿಗಳೇ, ಆ ಮಗ್ಗಗಳು ಕಾರವಾರದಲ್ಲಿರಲಿಲ್ಲ. ಆ ಬಟ್ಟೆ ನೇಯ್ದದ್ದು ಘಟ್ಟದ ಮೇಲೆ, ಹುಬ್ಬಳ್ಳಿಯ ಸುತ್ತುಮುತ್ತಿನಲ್ಲಿ. ಅಲ್ಲಿ ಐವತ್ತು ಸಾವಿರ ನೇಕಾರರಿಗೆ ಕೆಲಸವಿತ್ತೆಂದು ಅದೇ ಗೆಜೆಟಿಯರು ಹೇಳುತ್ತದೆ. ಸಮುದ್ರವನ್ನೇ ನೋಡದ ಐವತ್ತು ಸಾವಿರ ಜನ ಸಮುದ್ರದ ವ್ಯಾಪಾರವನ್ನು ನಡೆಸಿದ್ದರು! ಅವರಲ್ಲಿ ಒಬ್ಬನ ಹೆಸರಾದರೂ ನಮಗೆ ಗೊತ್ತಿದೆಯೇ? ಕೋಠಿಯ ಸಾಹೇಬರ ಪತ್ರಗಳು ಕಾಗದಕ್ಕೆ ಕಾಗದ ಲಂಡನ್ನಿನಲ್ಲಿ ಜೋಪಾನವಾಗಿವೆ. ಲಾಳಿ ಎಸೆದವನ ಹೆಸರು ಗಾಳಿಗೆ ಹೋಯಿತು.

ಇನ್ನೂ ಹಿಂದಕ್ಕೆ ಹೋಗೋಣ. ಹನ್ನೆರಡನೆಯ ಶತಮಾನದಲ್ಲಿ ಬೆನ್ ಯಿಜು ಎಂಬ ಯೆಹೂದಿ ವರ್ತಕ ಮಂಗಳೂರಿನಲ್ಲಿ ಹದಿನೇಳು ವರ್ಷದಷ್ಟು ಕಾಲ ನೆಲೆಸಿ, ಹಿತ್ತಾಳೆಯ ಪಾತ್ರೆ ಮಾಡುವ ಕಾರ್ಖಾನೆ ಇಟ್ಟುಕೊಂಡಿದ್ದ. ಅವನ ಕಾಗದಪತ್ರಗಳು ಈಜಿಪ್ತಿನ ಕೈರೋ ನಗರದ ಒಂದು ಪ್ರಾರ್ಥನಾ ಮಂದಿರದಲ್ಲಿ ಎಂಟು ನೂರು ವರ್ಷ ಉಳಿದುಬಂದವು. ಅವುಗಳಲ್ಲಿ ಅವನ ಗುಲಾಮನೊಬ್ಬನ ಮಾತು ಬರುತ್ತದೆ, ಹೆಸರು ಬೊಮ್ಮ. ಯಜಮಾನನ ಪರವಾಗಿ ಸಮುದ್ರ ದಾಟಿ ಏಡನ್ ಪಟ್ಟಣಕ್ಕೆ ಹೋಗಿ ಸರಕಿನ ವ್ಯವಹಾರ ನಡೆಸಿ ಬರುತ್ತಿದ್ದ ಆಳು. ಬೊಮ್ಮ! ನಮ್ಮ ಹಟ್ಟಿಯಲ್ಲಿ ಇಂದು ಕೂಗಿದರೂ ಓಗೊಡುವ ಹೆಸರು. ಅಮಿತಾವ ಘೋಷ್ ಎಂಬ ಲೇಖಕರು ಈ ಬೊಮ್ಮನ ಜಾಡು ಹಿಡಿದು 1992ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಆಳಿನ ಹೆಸರು ಉಳಿದದ್ದು ಯಜಮಾನನ ಲೆಕ್ಕದಲ್ಲಿ ಸೇರಿದ್ದರಿಂದ. ನಮ್ಮವರ ಚರಿತ್ರೆ ಉಳಿಯಬೇಕಾದರೆ ಒಡೆಯನ ಖಾತೆ ಪುಸ್ತಕವೇ ಗತಿಯೇ? ಈ ಪ್ರಶ್ನೆಯನ್ನು ನೆನಪಿಡಿ. ಕೊನೆಯಲ್ಲಿ ಮತ್ತೆ ಬರುತ್ತೇನೆ.

ಕಲ್ಲಿದ್ದಲು ಹಾಕಿದವರು

ಹಾಯಿಯ ಕಾಲ ಮುಗಿದು ಉಗಿಯ ಕಾಲ ಬಂದಿತು. ಬ್ರಿಟಿಷರ ವ್ಯಾಪಾರಿ ಹಡಗುಗಳ ಹೊಟ್ಟೆಯೊಳಗೆ ಕುಲುಮೆಗೆ ಕಲ್ಲಿದ್ದಲು ಹಾಕುವುದಕ್ಕೆ, ಹಲಗೆ ತೊಳೆಯುವುದಕ್ಕೆ, ಅಡಿಗೆ ಮಾಡುವುದಕ್ಕೆ ಹಿಂದೂಸ್ಥಾನದವರು ಬೇಕಾದರು. ಇವರನ್ನು ಲಸ್ಕರರೆಂದು ಕರೆಯುತ್ತಿದ್ದರು. ಅದೇ ಹಡಗಿನಲ್ಲಿ ಅದೇ ಕೆಲಸ ಮಾಡುವ ಬಿಳಿಯ ನಾವಿಕನಿಗೆ ಸಿಗುವ ಸಂಬಳದ ಒಂದು ಸಣ್ಣ ಪಾಲು ಇವರಿಗೆ. ಮಲಗುವ ಜಾಗವೂ ಕಡಿಮೆ, ಊಟವೂ ಕಡಿಮೆ. ಕೆಲಸ ಸಿಗಬೇಕಾದರೆ ಸಾರಂಗನಿಗೆ, ಅವನ ಮೇಲಿನ ದಲ್ಲಾಳಿಗೆ ಲಂಚ. ಲಂಚಕ್ಕೆ ಸಾಲ, ಸಾಲಕ್ಕೆ ಮುಂದಿನ ಸಂಬಳ. ಗಿರಣಿಯ ಬಾಗಿಲಲ್ಲಿ ಮುಕಾದಮನ ಕೈ ಬಿಸಿ ಮಾಡಿ ಒಳಗೆ ಹೋದ ಮುದುಕರು ಇಲ್ಲಿದ್ದರೆ ಅವರಿಗೆ ಈ ಕಥೆ ಹೊಸದಲ್ಲ. ಎರಡನೆಯ ಮಹಾಯುದ್ಧ ಆರಂಭವಾದ 1939ರಲ್ಲಿ ಈ ಲಸ್ಕರರು ಬ್ರಿಟನ್ನಿನ ಬಂದರುಗಳಲ್ಲಿಯೇ ಮುಷ್ಕರ ಹೂಡಿದರು. ಅನೇಕರು ಜೈಲಿಗೆ ಹೋದರು. ಆದರೂ ಸಂಬಳ ಏರಿಸಿಕೊಂಡೇ ಹಡಗು ಹತ್ತಿದರು. ಆ ಯುದ್ಧದಲ್ಲಿ ಸಮುದ್ರದ ಪಾಲಾದ ಭಾರತೀಯ ವ್ಯಾಪಾರಿ ನಾವಿಕರು ಆರು ಸಾವಿರಕ್ಕೂ ಮೇಲೆ.

ಈ ನಾವಿಕರ ಪರವಾಗಿ ಬೊಂಬಾಯಿಯಲ್ಲಿ ದುಡಿದವರಲ್ಲಿ ನಮ್ಮ ಕನ್ನಡ ನಾಡಿನ ಒಬ್ಬರಿದ್ದಾರೆ. ಅವರನ್ನು ನೀವು ಚುಟುಕ ಕವಿಯೆಂದು ಬಲ್ಲಿರಿ: ಅಂಕೋಲೆಯ ಕಡೆಯ ದಿನಕರ ದೇಸಾಯಿಯವರು. 1909ರಲ್ಲಿ ಹುಟ್ಟಿ 1982ರಲ್ಲಿ ತೀರಿಕೊಂಡರು. ಗೋಖಲೆಯವರು ಸ್ಥಾಪಿಸಿದ ಭಾರತ ಸೇವಕ ಸಮಾಜದ ಸದಸ್ಯರಾಗಿ, ಭಾರತದ ಹಡಗು ಕೆಲಸಗಾರರ ನೇಮಕ, ಸಂಬಳ, ಸಂಕಟಗಳ ಮೇಲೆ 1940ರ ಸುಮಾರಿಗೆ ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನೇ ಬರೆದರು. ತಮ್ಮ ಜಿಲ್ಲೆಯ ಗೇಣಿ ರೈತರನ್ನು ಸಂಘಟಿಸಿದ್ದಕ್ಕೆ ಬ್ರಿಟಿಷ್ ಸರಕಾರ ಅವರನ್ನು ಸ್ವಂತ ಜಿಲ್ಲೆಯಿಂದಲೇ ಗಡೀಪಾರು ಮಾಡಿತ್ತು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಬಡವರ ಮಕ್ಕಳಿಗೆ ಶಾಲೆಗಳನ್ನು ತೆರೆದರು. 1967ರಲ್ಲಿ ಲೋಕಸಭೆಗೂ ಆರಿಸಿ ಬಂದರು. ಹಡಗಿನ ಹೊಟ್ಟೆಯಲ್ಲಿ ಬೇಯುವವನನ್ನೂ ಗದ್ದೆಯ ಕೆಸರಿನಲ್ಲಿ ನಿಂತವನನ್ನೂ ಒಂದೇ ಕಣ್ಣಿನಿಂದ ಕಂಡ ಮನುಷ್ಯ. ಚುಟುಕವನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿಸುತ್ತೇವೆ, ಈ ಕೆಲಸವನ್ನು ಹೇಳುವುದಿಲ್ಲ. ನಾನೂ ಪಾಠ ಹೇಳುತ್ತಿದ್ದ ಕಾಲದಲ್ಲಿ ಹೇಳಿರಲಿಲ್ಲ, ನನಗೇ ಗೊತ್ತಿರಲಿಲ್ಲ.

ಇನ್ನು 1946ರ ಮಾತು. ಫೆಬ್ರುವರಿ 18ರಂದು ಬೊಂಬಾಯಿಯ 'ತಲವಾರ್' ಎಂಬ ನೌಕಾ ತರಬೇತಿ ಕೇಂದ್ರದ ನಾವಿಕರು ಉಣ್ಣಲಾಗದ ಅನ್ನವನ್ನು ದೂರ ಸರಿಸಿ ಮುಷ್ಕರ ಹೂಡಿದರು. ಅನ್ನದಿಂದ ಆರಂಭವಾದದ್ದು ಸ್ವಾತಂತ್ರ್ಯದ ಬೇಡಿಕೆಯವರೆಗೆ ಬೆಳೆಯಿತು. ಬೊಂಬಾಯಿಯಿಂದ ಕರಾಚಿಯವರೆಗೆ, ಕಲ್ಕತ್ತೆಯವರೆಗೆ 78 ಹಡಗುಗಳು, ಸುಮಾರು 20,000 ನಾವಿಕರು. ಕಾಂಗ್ರೆಸ್ಸಿನ, ಲೀಗಿನ ಮತ್ತು ಕಮ್ಯೂನಿಸ್ಟರ ಬಾವುಟ ಮೂರನ್ನೂ ಒಟ್ಟಿಗೆ ಹಾರಿಸಿದರು. ಅವರ ಬೆನ್ನಿಗೆ ನಿಂತವರು ಯಾರು? ದೊಡ್ಡ ಮುಂದಾಳುಗಳಲ್ಲಿ ಅರುಣಾ ಅಸಫ್ ಅಲಿಯವರಂಥ ಕೆಲವರು ಮಾತ್ರ. ಆದರೆ ಫೆಬ್ರುವರಿ 22ರಂದು ಬೊಂಬಾಯಿಯ ಗಿರಣಿ ಕೆಲಸಗಾರರು ಲಕ್ಷಗಟ್ಟಲೆಯಲ್ಲಿ ಯಂತ್ರ ನಿಲ್ಲಿಸಿ ಬೀದಿಗೆ ಬಂದರು. ಸೈನ್ಯದ ಗುಂಡಿಗೆ ಇನ್ನೂರಕ್ಕೂ ಹೆಚ್ಚು ಜನ ಬಲಿಯಾದರು. ಸತ್ತವರಲ್ಲಿ ಬಹಳ ಮಂದಿ ಗಿರಣಿಯವರು, ಬೀದಿಯವರು. ಶರಣಾಗಿರೆಂದು ಕಾಂಗ್ರೆಸ್ಸಿನವರೂ ಲೀಗಿನವರೂ ಸಲಹೆ ಕೊಟ್ಟ ಮೇಲೆ 23ರಂದು ನಾವಿಕರು ಮುಷ್ಕರ ಹಿಂತೆಗೆದುಕೊಂಡರು. ನೂರಾರು ಮಂದಿ ಕೆಲಸ ಕಳೆದುಕೊಂಡರು. ಸ್ವತಂತ್ರ ಭಾರತದ ನೌಕಾದಳವೂ ಅವರನ್ನು ಹಿಂದಕ್ಕೆ ಕರೆಯಲಿಲ್ಲ. ನಾವಿಕನ ಬಟ್ಟಲಿನ ಅನ್ನಕ್ಕಾಗಿ ಗಿರಣಿಯವನು ಗುಂಡಿಗೆ ಎದೆಯೊಡ್ಡಿದ ಈ ಚರಿತ್ರೆ ಕಾರವಾರದ ಹಡಗಿನಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ. ಕ್ಷಿಪಣಿಯ ಉದ್ದ ತಿಳಿಸುವ ಹಲಗೆಯ ಪಕ್ಕದಲ್ಲಿ ಇದಕ್ಕೂ ಒಂದು ಹಲಗೆ ಹಾಕಿದರೆ ಯಾರಿಗೇನು ನಷ್ಟ?

ಕೋಯಮುತ್ತೂರಿನ ಗಾಣ

ಈಗ ನಮ್ಮ ತಾಲ್ಲೂಕಿನ ಬಳಿಗೇ ಬರುತ್ತೇನೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೊಳ್ಳೇಗಾಲ ಸೀಮೆ ಇಂಗ್ಲಿಷರ ಕೈಸೇರಿತು. 1956ರ ನವೆಂಬರ್ 1ರವರೆಗೆ ನಾವು ಮದರಾಸು ಪ್ರಾಂತ್ಯದ ಕೋಯಮುತ್ತೂರು ಜಿಲ್ಲೆಯವರು. ನಮ್ಮ ಅಜ್ಜಂದಿರು ಕಲೆಕ್ಟರನ್ನು ಕಾಣಬೇಕಾದರೆ, ಕೋರ್ಟಿಗೆ ಹೋಗಬೇಕಾದರೆ, ಜೈಲಿಗೆ ಹೋಗಬೇಕಾದರೂ ಕೋಯಮುತ್ತೂರೇ. ಆ ಜೈಲಿನಲ್ಲಿ 1908ರಿಂದ 1910ರವರೆಗೆ ಒಬ್ಬ ವಕೀಲನನ್ನು ಎತ್ತಿನ ಬದಲು ಗಾಣಕ್ಕೆ ಹೂಡಿದ್ದರು. ಅವನು ಮಾಡಿದ ಅಪರಾಧ ಹಡಗು ಓಡಿಸಿದ್ದು.

ಅವರೇ ತೂತುಕುಡಿಯ ವಿ. ಒ. ಚಿದಂಬರಂ ಪಿಳ್ಳೆಯವರು. 1906ರಲ್ಲಿ ಸ್ವದೇಶೀ ಹಡಗು ಕಂಪನಿ ಕಟ್ಟಿದರು. ಒಂದು ಷೇರಿಗೆ ಇಪ್ಪತ್ತೈದು ರೂಪಾಯಿ. ಸಣ್ಣ ವರ್ತಕರೂ ಷೇರು ಕೊಂಡರು. 'ಗ್ಯಾಲಿಯಾ', 'ಲಾವೋ' ಎಂಬ ಎರಡು ಹಡಗು ತರಿಸಿ ತೂತುಕುಡಿಗೂ ಕೊಲಂಬೋವಿಗೂ ನಡುವೆ ನಡೆಸಿದರು. ಆ ದಾರಿಯಲ್ಲಿ ಏಕಸ್ವಾಮ್ಯ ಮಾಡಿಕೊಂಡಿದ್ದ ಬ್ರಿಟಿಷ್ ಕಂಪನಿ ಮೊದಲು ಟಿಕೇಟಿನ ದರ ಇಳಿಸಿತು. ಅದೂ ಸಾಲದೆ ಪುಕ್ಕಟೆ ಕರೆದುಕೊಂಡು ಹೋಗುತ್ತೇವೆಂದಿತು. ಹತ್ತಿದವರಿಗೆ ಒಂದು ಕೊಡೆ ಇನಾಮು ಎಂದಿತು! ದೊಡ್ಡ ಬಂಡವಾಳದವನು ನಷ್ಟಕ್ಕೆ ಮಾರಿ ಸಣ್ಣವನನ್ನು ಮುಳುಗಿಸುವ ಉಪಾಯ ನೂರು ವರ್ಷ ಹಳೆಯದು. ಇಂದು ಮೊಬೈಲಿನಲ್ಲಿ ಅಗ್ಗದ ಆಸೆ ತೋರಿಸಿ ಮನೆ ಬಾಗಿಲಿಗೆ ಸರಕು ಕಳಿಸುವ ದೊಡ್ಡ ಕಂಪನಿಗಳನ್ನು ಕಂಡು ಕಂಗಾಲಾಗಿರುವ ನಮ್ಮ ಅಂಗಡಿಯ ಸಂಗಾತಿಗಳೇ, ಆ ಕೊಡೆಯನ್ನು ಜ್ಞಾಪಕದಲ್ಲಿಡಿ. ಎದುರಾಳಿ ಮುಳುಗುವ ತನಕ ಮಾತ್ರ ಕೊಡೆ ಪುಕ್ಕಟೆ.

ಆದರೆ ಪಿಳ್ಳೆಯವರು ವರ್ತಕರ ಜೊತೆಗೇ ನಿಲ್ಲಲಿಲ್ಲ. 1908ರ ಫೆಬ್ರುವರಿಯಲ್ಲಿ ತೂತುಕುಡಿಯ ಕೋರಲ್ ಮಿಲ್ಲಿನ ಕೆಲಸಗಾರರು ಕೂಲಿಗಾಗಿಯೂ ವಾರದ ರಜೆಗಾಗಿಯೂ ಮುಷ್ಕರ ಹೂಡಿದಾಗ ಸುಬ್ರಹ್ಮಣ್ಯ ಶಿವರೊಂದಿಗೆ ಅದರ ಮುಂದೆ ನಿಂತರು. ಊರಿನವರು ಕೆಲಸಗಾರರ ಪಕ್ಷ ವಹಿಸಿದರು. ಕೆಲವೇ ದಿನಗಳಲ್ಲಿ ಮಾಲೀಕರು ಬಗ್ಗಿದರು. ಹಡಗು ನಡೆಸಿದ್ದನ್ನು ಸಹಿಸಿಕೊಂಡಿದ್ದ ಸರಕಾರ ಗಿರಣಿಯವರ ಜೊತೆ ನಿಂತದ್ದನ್ನು ಸಹಿಸಲಿಲ್ಲ. ಮಾರ್ಚ್ 12ರಂದು ಹಿಡಿದು ಒಳಗೆ ಹಾಕಿತು. ಜೀವಾವಧಿ ಶಿಕ್ಷೆಯಾಗಿ, ಆಮೇಲೆ ಕಡಿಮೆಯಾಗಿ, 1912ರ ಕೊನೆಯಲ್ಲಿ ಹೊರಬಂದರು. ಅಷ್ಟರಲ್ಲಿ ಕಂಪನಿ ಮುಚ್ಚಿತ್ತು, ಹಡಗುಗಳು ಮಾರಿಹೋಗಿದ್ದವು. ಅವರು ತಿರುಗಿಸಿದ ಗಾಣವನ್ನು ತಮಿಳುನಾಡಿನವರು ಉಳಿಸಿಕೊಂಡು ಜನರು ನೋಡಲೆಂದು ಇಟ್ಟಿದ್ದಾರೆ. ನನ್ನನ್ನು ಕೇಳಿದರೆ ಹಡಗಿನ ಚರಿತ್ರೆಯನ್ನು ಹೇಳುವುದಕ್ಕೆ ಆ ಕಲ್ಲಿನ ಗಾಣಕ್ಕಿಂತ ಒಳ್ಳೆಯ ವಸ್ತು ಬೇರೊಂದಿಲ್ಲ. ಅದರಲ್ಲಿ ತೋಪಿಲ್ಲ, ಬಾವುಟವಿಲ್ಲ. ಹಡಗಿಗೆ ಬೆಲೆ ತೆತ್ತವನ ಹೆಗಲ ಗುರುತಿದೆ.

ಸುಂಕ ಹೊತ್ತು ಬಂದ ಹಡಗು

ಮುಂದಿನ ಸಾಲಿನ ಯಜಮಾನರು ಕಾಯುತ್ತಿದ್ದಾರೆ. ಅವರಿಗೆ ಕೊಟ್ಟ ಮಾತು ಈಗ ಸಲ್ಲಿಸುತ್ತೇನೆ.

ಮದರಾಸು ಪ್ರಾಂತ್ಯದಲ್ಲಿ ಹಿಪ್ಪುನೇರಳೆ ಎಂದರೆ ಕೊಳ್ಳೇಗಾಲ ಎನ್ನುವಂತಿತ್ತು. ಇಡೀ ಪ್ರಾಂತ್ಯದ ರೇಷ್ಮೆ ಬೆಳೆಯಲ್ಲಿ ಬಹುಪಾಲು ನಮ್ಮ ತಾಲ್ಲೂಕಿನದು. ಹುಳು ಸಾಕುವವರು, ನೂಲು ತೆಗೆಯುವವರು, ನೇಯುವವರು, ಮಾರುವವರು ಎಲ್ಲರೂ ಇಲ್ಲಿಯವರೇ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ ಶೇಕಡಾ 5ಕ್ಕೆ ಇಳಿಸಿದರು. ಚೀನಾದ ರೇಷ್ಮೆ ಹಡಗು ಹತ್ತಿ ಬಂದಿತು. ಗೂಡಿನ ಧಾರಣೆ ಬಿದ್ದಿತು. ತಂದ ಗೂಡಿಗೆ ಕೇಳುವವರಿಲ್ಲದೆ ಬೆಳೆಗಾರರು ಮಾರುಕಟ್ಟೆಯಲ್ಲಿ ತಲೆಯ ಮೇಲೆ ಕೈಹೊತ್ತು ಕೂತದ್ದನ್ನು ನೀವು ಕಂಡಿದ್ದೀರಿ. ಹೋರಾಟವಾಯಿತು. 2013ರಲ್ಲಿ ಸುಂಕವನ್ನು ಶೇಕಡಾ 15ಕ್ಕೆ ಏರಿಸಿದರು. ಅಷ್ಟು ಹೊತ್ತಿಗೆ ಎಷ್ಟೋ ಮಂದಿ ಹಿಪ್ಪುನೇರಳೆ ಗಿಡ ಕಿತ್ತುಹಾಕಿದ್ದರು. ಕಿತ್ತ ಗಿಡ ಸುಂಕ ಏರಿದ ಮಾತ್ರಕ್ಕೆ ಚಿಗುರುವುದಿಲ್ಲ.

ಯಜಮಾನರೇ, ಶಾಗ್ಯಕ್ಕೆ ಸಮುದ್ರ ಎಲ್ಲಿ ಎಂದು ಕೇಳಿದಿರಿ. ಇಲ್ಲಿ!

ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಆ ದಿನಗಳಲ್ಲಿ ನಮ್ಮೊಳಗೇ ಎರಡು ಪಕ್ಷವಾಗಿತ್ತು. "ನೂಲು ಅಗ್ಗವಾದರೆ ನಮ್ಮ ಮಗ್ಗ ಉಳಿಯುತ್ತದೆ" ಎಂದು ನೇಕಾರ. "ಗೂಡಿಗೆ ಬೆಲೆಯಿಲ್ಲದಿದ್ದರೆ ನಾವು ಉಳಿಯುವುದಿಲ್ಲ" ಎಂದು ಬೆಳೆಗಾರ. ಇಬ್ಬರ ಮಾತೂ ಸತ್ಯ. ನೇಕಾರನನ್ನು ಬೈದು ಬೆಳೆಗಾರನನ್ನು ಮೆಚ್ಚಿಸುವುದು ಸುಲಭ. ಅದು ನಮ್ಮ ಪಕ್ಷದ ಕೆಲಸವಲ್ಲ. ಸುಂಕ ಗೊತ್ತುಮಾಡುವ ಮೇಜಿನ ಮುಂದೆ ಇಬ್ಬರಿಗೂ ಕುರ್ಚಿಯಿಲ್ಲ ಎಂಬುದೇ ಮೂಲ ರೋಗ. ಬೆಳೆಗಾರನಿಗೆ ನಿಗದಿಯಾದ ಬೆಲೆ, ನೇಕಾರನಿಗೆ ನಿಗದಿಯಾದ ದರದಲ್ಲಿ ನೂಲು, ನಡುವಿನ ಅಂತರವನ್ನು ಸರಕಾರ ಹೊರುವುದು. ಈ ಬೇಡಿಕೆಯನ್ನು ಇಬ್ಬರೂ ಒಂದೇ ಬಾಯಿಯಲ್ಲಿ ಕೇಳಿದರೆ ಮಾತ್ರ ಕೆಲಸವಾಗುತ್ತದೆ. ಕಾರವಾರದ ಕೋಠಿಯವನು ಹುಬ್ಬಳ್ಳಿಯ ನೇಕಾರನನ್ನೂ ಘಟ್ಟದ ಮೆಣಸಿನ ಬೆಳೆಗಾರನನ್ನೂ ಬೇರೆ ಬೇರೆಯಾಗಿ ಕರೆದು ಬೆಲೆ ಕಟ್ಟಿದ. ಇಂದೂ ಹಾಗೆಯೇ ಕಟ್ಟುತ್ತಾರೆ.

ದಡದವರು

ಕಾರವಾರದಿಂದ ಹೊರಡುವ ಮೊದಲು ಇನ್ನೊಂದು ವಿಷಯ ತಿಳಿದುಬಂದಿತು. ಅಲ್ಲಿಯ ನೌಕಾನೆಲೆಗೆ, ಸೀಬರ್ಡ್ ಯೋಜನೆಗೆ, 1986ರಲ್ಲಿ ಅಡಿಗಲ್ಲು ಹಾಕಿದರು. 2005ರಲ್ಲಿ ಅದು 'ಕದಂಬ' ಎಂಬ ಹೆಸರಿನಲ್ಲಿ ನೌಕಾದಳಕ್ಕೆ ಸೇರಿತು. ಅದಕ್ಕಾಗಿ ಕಾರವಾರ, ಅಂಕೋಲೆ ತಾಲ್ಲೂಕುಗಳ ಹಳ್ಳಿಗಳಲ್ಲಿ ನಾಲ್ಕು ಸಾವಿರಕ್ಕೂ ಮೇಲ್ಪಟ್ಟ ಕುಟುಂಬಗಳು ಮನೆ ಬಿಟ್ಟವು. ಮೀನು ಹಿಡಿಯುವವರು, ಗದ್ದೆ ಮಾಡುವವರು. ಪರಿಹಾರದ ವ್ಯಾಜ್ಯಗಳು ದಶಕಗಳ ಕಾಲ ಕೋರ್ಟುಗಳಲ್ಲಿ ಎಳೆದವು. ಅರ್ಜಿ ಹಾಕಿದ ಅಪ್ಪ ಹೋಗಿ ಮಗ ಕೋರ್ಟಿನ ಮೆಟ್ಟಿಲು ಹತ್ತಿದ ಮನೆಗಳೂ ಇವೆ. 2020ರ ಜನವರಿಯಲ್ಲಿ ಬಂದರಿನ ವಿಸ್ತರಣೆಗಾಗಿ ಅದೇ ಠಾಗೂರ್ ದಂಡೆಯಲ್ಲಿ ಅಲೆತಡೆ ಗೋಡೆ ಕಟ್ಟಲು ಹೊರಟಾಗ ಮೀನುಗಾರರು, ಹೆಂಗಸರು ಮಕ್ಕಳು ಸಮೇತ, ದಂಡೆಗೆ ಇಳಿದು ತಡೆದರು. ಹಡಗಿನ ವಸ್ತುಸಂಗ್ರಹಾಲಯ ನಿಂತಿರುವ ಮರಳಿನ ಮೇಲೆಯೇ ಈ ಚರಿತ್ರೆಯೂ ನಡೆದಿದೆ.

ದೇಶಕ್ಕೆ ನೌಕಾದಳ ಬೇಡವೆಂದು ನಾನು ಹೇಳುತ್ತಿಲ್ಲ. 1961ರ ಡಿಸೆಂಬರಿನಲ್ಲಿ ಅಂಜುದೀವ್ ದ್ವೀಪವನ್ನು ಪೋರ್ತುಗೀಸರಿಂದ ಬಿಡಿಸುವಾಗ ಏಳು ಮಂದಿ ನಮ್ಮ ನೌಕಾದಳದವರು ಪ್ರಾಣ ಕೊಟ್ಟರು. 'ಖುಕ್ರಿ'ಯ ನಾವಿಕರೂ ನಮ್ಮ ನಿಮ್ಮಂಥವರ ಮನೆಯ ಮಕ್ಕಳೇ. ಅವರಿಗೆ ಕೈಮುಗಿಯುವುದರಲ್ಲಿ ನಾವು ಯಾರಿಗೂ ಕಡಿಮೆಯಲ್ಲ. ಆದರೆ ದೇಶಕ್ಕಾಗಿ ಪ್ರಾಣ ಕೊಟ್ಟವನ ಹೆಸರು ಕಲ್ಲಿನ ಮೇಲೆ ಇರುವಂತೆ, ದೇಶಕ್ಕಾಗಿ ಮನೆ ಕೊಟ್ಟವನ ಹೆಸರೂ ಎಲ್ಲಿಯಾದರೂ ಇರಬೇಡವೇ? ಪರಿಹಾರದ ಕಡತದಲ್ಲಿ ಮಾತ್ರ ಇದ್ದರೆ ಸಾಕೇ?

ನಮ್ಮ ಕೆಲಸ

ಇಷ್ಟು ಹೇಳಿ ಚಪ್ಪಾಳೆ ತಟ್ಟಿಸಿಕೊಂಡು ಇಳಿದರೆ ನನ್ನ ಭಾಷಣವೂ ದಡದ ಮೇಲಿನ ಹಡಗಿನಂತೆಯೇ. ಆದ್ದರಿಂದ ಒಂದು ಕೆಲಸ ಸೂಚಿಸುತ್ತೇನೆ.

ಸರಕಾರ ನಮ್ಮ ಚರಿತ್ರೆಗೆ ಕಟ್ಟಡ ಕಟ್ಟಿಸಲಿ ಎಂದು ಕಾಯುವುದು ಬೇಡ. ಕೊಳ್ಳೇಗಾಲದ ನಮ್ಮ ಸಂಘದ ಕಚೇರಿಯಲ್ಲಿ ಒಂದು ಗೋಡೆ ಖಾಲಿಯಿದೆ. ಅಲ್ಲಿ ನಾಲ್ಕು ಹಲಗೆ ಹೊಡೆಸೋಣ. ಮುಂದಿನ ಸಭೆಗೆ ಬರುವಾಗ ಒಬ್ಬೊಬ್ಬರು ಒಂದೊಂದು ವಸ್ತು ತನ್ನಿ. ನಿಮ್ಮ ಅಜ್ಜ ಎಸೆದ ಲಾಳಿ ಅಟ್ಟದ ಮೇಲೆ ಬಿದ್ದಿದ್ದರೆ ತನ್ನಿ. ನಿಮ್ಮ ತಾಯಿ ಹುಳು ಹಣ್ಣಾದಾಗ ಬಿಡುತ್ತಿದ್ದ ಚಂದ್ರಿಕೆಯ ಒಂದು ತುಂಡಾದರೂ ತನ್ನಿ. ನೂಲು ತೆಗೆಯುವ ಫಿಲೇಚರಿನಲ್ಲಿ ಬಿಸಿನೀರಿಗೆ ಕೈಯಿಟ್ಟು ಬೆರಳು ಬೆಂದ ಅಕ್ಕಂದಿರಿದ್ದರೆ ಅವರ ಹಾಜರಿ ಚೀಟಿ, ಸಂಬಳದ ಚೀಟಿ ತನ್ನಿ. ಅಂಗಡಿಯವರು ಹಳೆಯ ಸೇರು, ಪಾವು, ಸಾಲದ ಲೆಕ್ಕದ ಪುಸ್ತಕ ತನ್ನಿ. ಬಾಕಿದಾರರ ಹೆಸರಿನ ಮೇಲೆ ಕಾಗದ ಅಂಟಿಸಿ ತನ್ನಿ, ಯಾರ ಮಾನವೂ ಹೋಗುವುದು ಬೇಡ.

ವಸ್ತುವಿನ ಕೆಳಗೆ ಮೂರು ಸಾಲು ಬರೆಯೋಣ. ಇದನ್ನು ಬಳಸಿದವರು ಯಾರು? ಯಾವ ವರ್ಷದಿಂದ ಯಾವ ವರ್ಷದವರೆಗೆ? ಅವರಿಗೆ ಸಿಕ್ಕ ಕೂಲಿ ಎಷ್ಟು? ಬರೆಯಲು ಬ���ರದವರು ಹೇಳಿ, ನಾನು ಬರೆದುಕೊಳ್ಳುತ್ತೇನೆ. ಹತ್ತು ವರ್ಷ ಕರಿಹಲಗೆಯ ಮೇಲೆ ಬರೆದ ಕೈ ಅಷ್ಟಕ್ಕಾದರೂ ಉಪಯೋಗವಾಗಲಿ. ತಪ್ಪು ವರ್ಷ ಹೇಳಬೇಡಿ, ಇಲ್ಲದ ಶೌರ್ಯ ಸೇರಿಸಬೇಡಿ. 'ಚಪಲ್' 1971ರಲ್ಲಿ ಕರಾಚಿಗೆ ಹೋಗದಿದ್ದರೂ ಅದರ ಬೆಲೆ ಕಡಿಮೆಯಾಗುವುದಿಲ್ಲ. ಮೂವತ್ತು ವರ್ಷದಷ್ಟು ಕಾಲ ಕಾವಲು ಕಾದದ್ದೇ ಅದರ ಬೆಲೆ. ಹಾಗೆಯೇ ನಿಮ್ಮ ಅಜ್ಜ ಯಾವ ಮುಷ್ಕರದಲ್ಲಿಯೂ ಮುಂದಾಳಾಗಿರದಿದ್ದರೆ ಬೇಡ. ನಲವತ್ತು ವರ್ಷ ನೇಯ್ದರು, ಇಷ್ಟು ಕೂಲಿ ಪಡೆದರು, ಇಷ್ಟು ಸಾಲ ಬಿಟ್ಟು ಹೋದರು ಎಂದು ಬರೆದರೆ ಅದೇ ಚರಿತ್ರೆ.

ಇದು ಬರಿಯ ನೆನಪಿನ ಕೆಲಸವಲ್ಲ. ನಾಳೆ ಸುಂಕದ ಮೇಲೆ, ಕೂಲಿಯ ಮೇಲೆ ನಾವು ಮನವಿ ಕೊಡಲು ಹೋದಾಗ, "ನಿಮ್ಮಲ್ಲಿ ಆಧಾರ ಏನಿದೆ?" ಎಂದು ಅಧಿಕಾರಿಗಳು ಕೇಳುತ್ತಾರೆ. ಒಡೆಯರ ಖಾತೆಯಲ್ಲಿ ಅವರಿಗೆ ಬೇಕಾದ ಲೆಕ್ಕವಿರುತ್ತದೆ. ನಮ್ಮ ಲೆಕ್ಕ ನಮ್ಮ ಹಲಗೆಯ ಮೇಲಿರಲಿ. ಬೊಮ್ಮನ ಹೆಸರು ಯಜಮಾನನ ಕಾಗದದಿಂದ ಉಳಿಯಿತು. ಅವನ ಮೊಮ್ಮಕ್ಕಳಾದ ನಾವು ನಮ್ಮ ಹೆಸರನ್ನು ನಾವೇ ಬರೆದಿಡೋಣ.

ಕಾರವಾರದ ಆ ಹುಡುಗ ಎಂದಾದರೂ ಈ ಕಡೆಗೆ ಬಂದರೆ, ಹಡಗನ್ನು ಓಡಿಸಿದವರು ಯಾರು ಎಂಬುದಕ್ಕೆ ಉತ್ತರ ಕೊಳ್ಳೇಗಾಲದ ಆ ಗೋಡೆಯ ಮೇಲೆ ಸಿಗಬೇಕು. ಹಲಗೆ ಹೊಡೆಯಲು ಮರಗೆಲಸದ ಸಂಗಾತಿಯೊಬ್ಬರು ಒಪ್ಪಿದ್ದಾರೆ. ಮೊಳೆಯ ಖರ್ಚು ನನ್ನದು. ವಸ್ತು ನಿಮ್ಮದು.